ಬಿಲ್ಲು ಕಟ್ಟುವ ಮೊದಲು ಓದಿ
ಮುಂಬಯಿಯ ಹೌಸಿಂಗ್ ಸೊಸೈಟಿ ಕಮಿಟಿಗಳಲ್ಲಿರುವ ಕನ್ನಡಿಗರಿಗೆ ಬಹಿರಂಗ ಪತ್ರ

ಮಾನ್ಯರೇ,

ಕೊಲಾಬಾದಿಂದ ದಹಿಸರ್‌ವರೆಗೆ, ಅತ್ತ ಮುಲುಂಡ್, ಮಾನ್‌ಖುರ್ದ್‌ವರೆಗೆ, ಈ ಮಹಾನಗರದ ಸೊಸೈಟಿ ಕಮಿಟಿಗಳಲ್ಲಿ ನಮ್ಮವರು ಬಹಳ ಮಂದಿ ಇದ್ದೀರಿ. ಬ್ಯಾಂಕಿನಿಂದ ನಿವೃತ್ತರಾದವರು ಟ್ರೆಜರರ್ ಆಗಿದ್ದೀರಿ. ಹೋಟೆಲನ್ನು ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತವರು ಚೇರ್‌ಮನ್ ಆಗಿದ್ದೀರಿ. ಲೆಕ್ಕ ಬಲ್ಲವರು, ನಾಲ್ಕು ಭಾಷೆ ಆಡುವವರು ಎಂಬ ನಂಬಿಕೆಯಿಂದ ಮರಾಠಿ, ಗುಜರಾತಿ ನೆರೆಹೊರೆಯವರೇ ಕೈಹಿಡಿದು ನಿಮ್ಮನ್ನು ಸೆಕ್ರೆಟರಿ ಕುರ್ಚಿಯಲ್ಲಿ ಕೂರಿಸಿದ್ದಾರೆ. ಆ ನಂಬಿಕೆಯನ್ನು ನೆಚ್ಚಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟು. ಮಹಾನಗರಪಾಲಿಕೆಯಿಂದ ಬರುವ ಆಸ್ತಿ ತೆರಿಗೆಯ ಬಿಲ್ಲನ್ನು ಕಟ್ಟುವ ಮೊದಲು ಮನೆ ಮನೆಯ ಸಾಲು ಹಿಡಿದು ಓದಿ. ತಪ್ಪು ಕಂಡರೆ ಗಡುವಿನೊಳಗೆ ತಕರಾರು ಹಾಕಿ. ಹೆಚ್ಚು ಕಟ್ಟಿದ್ದನ್ನು ವಾಪಸ್ ಕೇಳಿ. ವಾಪಸ್ ಬಂದದ್ದನ್ನು ಯಾರ ಮನೆಯದೋ ಅವರ ಲೆಕ್ಕಕ್ಕೇ ಜಮಾ ಮಾಡಿ. ನಾಲ್ಕನೆಯ ಮಾತಿಗಾಗಿಯೇ ಮೊದಲ ಮೂರನ್ನು ಹೇಳಬೇಕಾಗಿದೆ.

ಉಪನಗರದ ಒಂದು ಹಳೆಯ ಕಟ್ಟಡದಲ್ಲಿ ನನ್ನ ಪರಿಚಯದ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಎಂಬತ್ತರ ದಶಕದಲ್ಲಿ ಕೊಂಡ ಮನೆ. ಅಗ್ರಿಮೆಂಟಿನಲ್ಲಿ ಬರೆದಿರುವುದು 590 ಚದರ ಅಡಿ ಬಿಲ್ಟ್‌ಅಪ್. ಆ ಕಾಲದಲ್ಲಿ ಬಿಲ್ಡರುಗಳು ಗೋಡೆಯ ದಪ್ಪವನ್ನೂ ಸೇರಿಸಿಯೇ ಮಾರುತ್ತಿದ್ದರು. ಕಾರ್ಪೆಟ್ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ. 500 ಚದರ ಅಡಿಯೊಳಗಿನ ಮನೆಗೆ ಆಸ್ತಿ ತೆರಿಗೆ ಪೂರ್ತಿ ಮಾಫಿ ಎಂದು ಸರ್ಕಾರ ಘೋಷಿಸಿದಾಗ, 'ನಮ್ಮದು 590 ಅಲ್ವಾ, ನಮಗೆಲ್ಲಿ ಬಂತು' ಎಂದು ಅವರು ಸುಮ್ಮನಾದರು. ಸೊಸೈಟಿಯೂ ಸುಮ್ಮನಿತ್ತು.

ಒಂದು ದಿನ ಸೊಸೈಟಿಯ ಆಫೀಸಿನಲ್ಲಿ ಆ ಕಟ್ಟಡದ ಬಿಲ್ಲನ್ನು ಬಿಡಿಸಿ ನೋಡಿದೆ. ಮುಖಪುಟದ ಹಿಂದೆ ಮನೆವಾರು ಪಟ್ಟಿ ಇತ್ತು. ಅಜ್ಜಿಯ ಸಾಲಿನಲ್ಲಿ ಕಾರ್ಪೆಟ್ ಏರಿಯಾ ಎಂಬ ಅಂಕಣದಡಿ 54.81 ಚದರ ಮೀಟರ್ ಎಂದಿತ್ತು. ಅದನ್ನು ಅಡಿಗೆ ತಿರುಗಿಸಿದರೆ ಬರುವುದು ಸರಿಯಾಗಿ 590. ಅಂದರೆ ಯಾರೋ ಎಂದೋ ಅಗ್ರಿಮೆಂಟಿನ ಬಿಲ್ಟ್‌ಅಪ್ ಅಂಕಿಯನ್ನು ಹಾಗೇ ಎತ್ತಿ ಕಾರ್ಪೆಟ್ ಅಂಕಣಕ್ಕೆ ಹಾಕಿದ್ದರು. ಬಿಲ್ಟ್‌ಅಪ್ಪಿಗೂ ಕಾರ್ಪೆಟ್ಟಿಗೂ ನಡುವೆ 1.2ರ ಲೆಕ್ಕ ಹಿಡಿಯುವುದು ಈ ಊರಿನ ರೂಢಿ. 590ನ್ನು 1.2ರಿಂದ ಭಾಗಿಸಿದರೆ 491 ಚಿಲ್ಲರೆ, ಅಂದರೆ 45.68 ಚದರ ಮೀಟರ್. ಮಾಫಿಯ ಗೆರೆ ಇರುವುದು 46.45ರಲ್ಲಿ. ಟೇಪು ಹಿಡಿದು ಹಾಲು, ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಓಡಾಡುವ ಜಾಗ ಎಲ್ಲ ಅಳೆದೆವು. ಅಳತೆಯೂ ಅದೇ ಮಾತು ಹೇಳಿತು. ಅದೇ ಪಟ್ಟಿಯಲ್ಲಿ ಅಜ್ಜಿಯ ಮನೆಯ ನೇರ ಮೇಲಿನ ಮನೆ, ಅದೇ ನಕ್ಷೆಯ ಮನೆ, ಸರಿಯಾದ ಅಂಕಿಯೊಂದಿಗೆ ಮಾಫಿಯ ಸಾಲಿನಲ್ಲಿ ಕೂತಿತ್ತು.

ಅರ್ಜಿ ಹೋಯಿತು, ಅಳತೆಗೆ ಜನ ಬಂದರು, ತಡವಾದರೂ ದಾಖಲೆ ತಿದ್ದಲಾಯಿತು. ಹೆಚ್ಚಿಗೆ ಕಟ್ಟಿದ ಮೊತ್ತ ಕಟ್ಟಡದ ಖಾತೆಗೆ ಜಮಾ ಆಗಿ ಮುಂದಿನ ಬಿಲ್ಲಿನಲ್ಲಿ ಕಳೆಯಿತು. ಆದರೆ ಅಜ್ಜಿಯ ಮೆಂಟೆನೆನ್ಸ್ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಕೇಳಿದರೆ, 'ಹಣ ಸೊಸೈಟಿಗೆ ಬಂದಿದೆ, ರಿಪೇರಿ ಫಂಡಿಗೆ ಹಾಕಿದ್ದೇವೆ, ಎಲ್ಲರಿಗೂ ಆಯಿತಲ್ಲ' ಎಂಬ ಉತ್ತರ. ಹಾಗೆ ಹೇಳಿದವರು ಕೆಟ್ಟವರಲ್ಲ, ಕಟ್ಟಡಕ್ಕಾಗಿ ದುಡಿಯುವವರೇ. ಆದರೂ ಅದು ಅನ್ಯಾಯ. ಪಿಂಚಣಿಯೂ ಇಲ್ಲದ ಒಬ್ಬ ವಿಧವೆಯ ಹಣದಲ್ಲಿ ಇಡೀ ಕಟ್ಟಡದ ಟೆರೇಸಿಗೆ ವಾಟರ್‌ಪ್ರೂಫಿಂಗ್ ಆಗಬಾರದು.

ಈ ಗೊಂದಲದ ಬೇರು ಹಳೆಯದು. 1888ರ ಮುಂಬಯಿ ಮುನ್ಸಿಪಲ್ ಕಾಯ್ದೆಯಡಿ ಒಂದು ಶತಮಾನಕ್ಕೂ ಹೆಚ್ಚು ಕಾಲ ತೆರಿಗೆ ನಿಂತದ್ದು ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂಬ ಅಂದಾಜಿನ ಮೇಲೆ. ಆದರೆ ಬಾಡಿಗೆಯನ್ನು 1947ರ ಬಾಂಬೆ ರೆಂಟ್ ಆಕ್ಟ್ ಕಟ್ಟಿಹಾಕಿತ್ತು. ಹಳೆಯ ಕಟ್ಟಡಗಳಲ್ಲಿ ಬಾಡಿಗೆ 1940ರ ಸುಮಾರಿನ ಮಟ್ಟದಲ್ಲೇ ಹೆಪ್ಪುಗಟ್ಟಿತು. ಕಾನೂನು ಗೊತ್ತುಮಾಡಿದ ಬಾಡಿಗೆಗಿಂತ ಹೆಚ್ಚಿನ ಮೊತ್ತವನ್ನು ತೆರಿಗೆಗೆ ಆಧಾರವಾಗಿ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಹೇಳಿದ ಮೇಲೆ ಪಾಲಿಕೆಗಳ ಕೈ ಇನ್ನಷ್ಟು ಕಟ್ಟಿತು. ಹೀಗಾಗಿ ದಕ್ಷಿಣ ಮುಂಬಯಿಯ ಸಮುದ್ರದೆದುರಿನ ವಿಶಾಲ ಮನೆಗೆ ಬರುತ್ತಿದ್ದ ತೆರಿಗೆಗಿಂತ ಬೊರಿವಲಿಯಲ್ಲೋ ಭಾಂಡುಪಿನಲ್ಲೋ ಹೊಸದಾಗಿ ಕಟ್ಟಿದ ಒಂದು ಕೋಣೆ, ಅಡುಗೆಮನೆಯ ಬ್ಲಾಕಿಗೆ ಹೆಚ್ಚು ಬರುವುದೂ ಇತ್ತು. ಹೋಟೆಲಿನ ಅಟ್ಟದಲ್ಲಿ ಮಲಗಿ ಎದ್ದು, ಚಾಳಿನ ಖೋಲಿಯಲ್ಲಿ ಸಂಸಾರ ಹೂಡಿ, ಕೊನೆಗೆ ಸಾಲ ಮಾಡಿ ಉಪನಗರದಲ್ಲಿ ಸ್ವಂತ ಮನೆ ಕಂಡ ನಮ್ಮ ಹಿಂದಿನ ತಲೆಮಾರು ಈ ಅಸಮತೆಯ ಭಾರವನ್ನು ತಿಳಿಯದೆಯೇ ಹೊತ್ತಿತು.

ಅದನ್ನು ಸರಿಪಡಿಸಲೆಂದೇ 2010ರ ಏಪ್ರಿಲ್ 1ರಿಂದ ಬಂಡವಾಳ ಮೌಲ್ಯದ ಪದ್ಧತಿ ಬಂತು. ಬಾಡಿಗೆಯ ಅಂದಾಜು ಹೋಗಿ, ಮುದ್ರಾಂಕ ಇಲಾಖೆಯ ರೆಡಿ ರೆಕ್ನರ್ ದರ ಬಂತು. ಆ ದರಕ್ಕೆ ಮನೆಯ ವಿಸ್ತೀರ್ಣ, ಕಟ್ಟಡದ ಬಗೆ, ವಯಸ್ಸು, ಉಪಯೋಗ, ಮಹಡಿ ಇವುಗಳ ಗುಣಕ ಸೇರಿಸಿ ಮೌಲ್ಯ ಕಟ್ಟುವುದು, ಅದರ ಮೇಲೆ ತೆರಿಗೆ. ತತ್ತ್ವದಲ್ಲಿ ಇದು ಹಳೆಯದಕ್ಕಿಂತ ನ್ಯಾಯವಾದದ್ದು ಎಂಬುದೇ ನನ್ನ ಅಭಿಪ್ರಾಯ. ಮಲಬಾರ್ ಹಿಲ್ಲಿನವರು ಮಾಲಾಡಿನವರಿಗಿಂತ ಹೆಚ್ಚು ಕೊಡಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಲೆಕ್ಕದ ಒಳಗೆ ಇಷ್ಟೊಂದು ಗುಣಕಗಳಿರುವಾಗ ಒಂದು ಅಂಕಿ ತಪ್ಪಿದರೂ ಆ ತಪ್ಪು ಪ್ರತಿ ವರ್ಷದ ಬಿಲ್ಲಿನಲ್ಲೂ ಮರುಕಳಿಸುತ್ತದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಹೆಚ್ಚಾಯಿತೆಂದು ವಾದಿಸಬೇಕಿತ್ತು. ಈಗ ಅಂಕಿ ತಪ್ಪಾಗಿದೆ ಎಂದು ತೋರಿಸಿದರೆ ಸಾಕು. ಈ ಅನುಕೂಲವನ್ನು ನಾವು ಇನ್ನೂ ಬಳಸಿಕೊಂಡಿಲ್ಲ.

ಇಂಗ್ಲೆಂಡಿನಲ್ಲಿರುವ ನಮ್ಮ ಮಕ್ಕಳು ಇದನ್ನು ಬೇಗ ಕಲಿತಿದ್ದಾರೆ. ಅಲ್ಲಿ ಪ್ರತಿ ಮನೆಯನ್ನೂ 1991ರ ಏಪ್ರಿಲ್ 1ರ ಬೆಲೆಯ ಪ್ರಕಾರ 'ಎ'ಯಿಂದ 'ಎಚ್'ವರೆಗಿನ ಎಂಟು ಬ್ಯಾಂಡುಗಳಲ್ಲಿ ಒಂದಕ್ಕೆ ಸೇರಿಸಿದ್ದಾರೆ. ಕೌನ್ಸಿಲ್ ಟ್ಯಾಕ್ಸ್ ನಿಲ್ಲುವುದು ಆ ಬ್ಯಾಂಡಿನ ಮೇಲೆ. ಅಂದು ಅವಸರದಲ್ಲಿ ಮಾಡಿದ ವಿಂಗಡಣೆಯಲ್ಲಿ ತಪ್ಪುಗಳಿದ್ದವು. ಪಕ್ಕದ ಅಂಥದೇ ಮನೆ ಕೆಳಗಿನ ಬ್ಯಾಂಡಿನಲ್ಲಿದೆ ಎಂದು ತೋರಿಸಿ ತಮ್ಮ ಬ್ಯಾಂಡ್ ಇಳಿಸಿಕೊಂಡು, ಹಿಂದಿನ ವರ್ಷಗಳ ಹೆಚ್ಚುವರಿ ಹಣ ವಾಪಸ್ ಪಡೆದ ಮನೆಗಳು ಅಲ್ಲಿ ಬೇಕಾದಷ್ಟಿವೆ. ಅಲ್ಲಿನವರಿಗೆ ಪಕ್ಕದ ಮನೆಯ ಬ್ಯಾಂಡ್ ಯಾರು ಬೇಕಾದರೂ ನೋಡಬಹುದಾದ ದಾಖಲೆ. ನಮಗೆ ಅದಕ್ಕಿಂತ ಹತ್ತಿರದ್ದೇ ಇದೆ: ಸೊಸೈಟಿಯ ಬಿಲ್ಲಿನ ಹಿಂದಿನ ಮನೆವಾರು ಪಟ್ಟಿ. ಮೇಲಿನ ಮನೆ, ಕೆಳಗಿನ ಮನೆ, ಎದುರಿನ ಮನೆ ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಆ ಹಾಳೆ ಇರುವುದು ಸೆಕ್ರೆಟರಿಯ ಕಪಾಟಿನಲ್ಲಿ, ಅಂದರೆ ನಿಮ್ಮ ಕೈಯಲ್ಲಿ.

ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ನೀವು ಒಬ್ಬರೇ ಎಲ್ಲ ತಪ್ಪನ್ನೂ ಹುಡುಕುವುದು ಬೇಡ. ಪ್ರತಿಯೊಬ್ಬರೂ ತಮ್ಮ ಸಾಲನ್ನು ತಾವೇ ನೋಡಿಕೊಳ್ಳುತ್ತಾರೆ.

ನೋಡಬೇಕಾದದ್ದು ಏನೆಂದು ಹೇಳುತ್ತೇನೆ. ಮೊದಲನೆಯದು ವಿಸ್ತೀರ್ಣ, ಅದನ್ನು ಆಗಲೇ ಹೇಳಿದೆ. ಎರಡು ಮನೆ ಒಡೆದು ಒಂದು ಮಾಡಿಕೊಂಡವರು, ಒಂದನ್ನು ಎರಡು ಮಾಡಿ ಅಣ್ಣ ತಮ್ಮ ಹಂಚಿಕೊಂಡವರು ದಾಖಲೆ ಹೇಗಿದೆ ಎಂದು ನೋಡಲೇಬೇಕು. ಎರಡನೆಯದು ಉಪಯೋಗ. ಹಿಂದೆ ಎಂದೋ ನೆಲಮಹಡಿಯ ಮನೆಯಲ್ಲಿ ಟ್ಯೂಷನ್ ಕ್ಲಾಸೋ ಡಾಕ್ಟರ ದವಾಖಾನೆಯೋ ಇದ್ದು, ಈಗ ಬರೀ ಸಂಸಾರ ಇರುವಲ್ಲಿ ಬಿಲ್ಲು ಇನ್ನೂ ವಾಣಿಜ್ಯ ದರದಲ್ಲೇ ಬರುತ್ತಿರಬಹುದು. ಇದನ್ನು ಪತ್ತೆ ಹಚ್ಚಲು ಸುಲಭದ ದಾರಿ ಇದೆ. ಬಿಲ್ಲಿನಲ್ಲಿ ಉದ್ಯೋಗ ಖಾತರಿ ಸೆಸ್ ಎಂಬ ಬಾಬು ಇರುತ್ತದೆ. ಅದು ವಾಸೇತರ ಜಾಗಕ್ಕೆ ಮಾತ್ರ ಬೀಳುವಂಥದ್ದು. ವಾಸದ ಮನೆಯ ಸಾಲಿನಲ್ಲಿ ಅದರ ಮೊತ್ತ ಕಂಡರೆ ದಾಖಲೆಯಲ್ಲಿ ನಿಮ್ಮ ಮನೆ ಇನ್ನೂ ಅಂಗಡಿಯಾಗಿಯೇ ಉಳಿದಿದೆ ಎಂದರ್ಥ.

ಮೂರನೆಯದು ನೀರು. ಆಸ್ತಿ ತೆರಿಗೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ಅದರೊಳಗೆ ಹತ್ತು ಬಾಬುಗಳಿವೆ: ಸಾಮಾನ್ಯ ತೆರಿಗೆ, ನೀರಿನ ತೆರಿಗೆ, ನೀರಿನ ಲಾಭ ತೆರಿಗೆ, ಒಳಚರಂಡಿ ತೆರಿಗೆ, ಒಳಚರಂಡಿ ಲಾಭ ತೆರಿಗೆ, ಪಾಲಿಕೆಯ ಶಿಕ್ಷಣ ಸೆಸ್, ರಾಜ್ಯದ ಶಿಕ್ಷಣ ಸೆಸ್, ಉದ್ಯೋಗ ಖಾತರಿ ಸೆಸ್, ಮರದ ಸೆಸ್, ರಸ್ತೆ ತೆರಿಗೆ. ನಿಮ್ಮ ಕಟ್ಟಡಕ್ಕೆ ನೀರಿನ ಮೀಟರ್ ಇದ್ದು ಅದರ ಬಿಲ್ಲು ಪ್ರತ್ಯೇಕವಾಗಿ ಕಟ್ಟುತ್ತಿದ್ದರೆ, ಇಲ್ಲಿ ನೀರಿನ ತೆರಿಗೆಯನ್ನು ಮತ್ತೆ ಹಾಕುವಂತಿಲ್ಲ. ಲಾಭ ತೆರಿಗೆ ಮಾತ್ರ ಇರಬಹುದು. ಮೀಟರ್ ಕೂತ ಮೇಲೂ ಅಸೆಸ್‌ಮೆಂಟ್ ಖಾತೆಯ ಪುಸ್ತಕದಲ್ಲಿ ಕಟ್ಟಡ ಮೀಟರ್ ಇಲ್ಲದ್ದಾಗಿಯೇ ಉಳಿದಿದ್ದರೆ ಒಂದೇ ನೀರಿಗೆ ಎರಡು ಸಲ ದುಡ್ಡು ಹೋಗುತ್ತದೆ.

ಕಟ್ಟಡದ ವಯಸ್ಸನ್ನೂ ನೋಡಿ. ಹಳೆಯ ಕಟ್ಟಡದ ಗುಣಕ ಕಡಿಮೆ. ಒಸಿ ಸಿಕ್ಕ ವರ್ಷ ಒಂದು, ದಾಖಲೆಯಲ್ಲಿನ ವರ್ಷ ಇನ್ನೊಂದು ಆಗಿದ್ದರೆ ತಿದ್ದಿಸಿಕೊಳ್ಳಿ.

ಮಾಫಿಯ ವಿಷಯದಲ್ಲಿ ಇತಿಹಾಸ ಸ್ವಲ್ಪ ಗೊತ್ತಿರಲಿ, ಏಕೆಂದರೆ ಹಣ ವಾಪಸ್ ಕೇಳುವಾಗ ಯಾವ ತಾರೀಖಿನಿಂದ ಎಂಬುದೇ ಮುಖ್ಯ. 500 ಚದರ ಅಡಿಯವರೆಗಿನ ಮನೆಗೆ ತೆರಿಗೆ ಬೇಡ ಎಂಬುದು 2017ರ ಪಾಲಿಕೆ ಚುನಾವಣೆಯಲ್ಲಿ ಶಿವಸೇನೆ ಕೊಟ್ಟ ಮಾತು. 2019ರಲ್ಲಿ ರಾಜ್ಯ ಸರ್ಕಾರ ಒಪ್ಪಿದಾಗ ಬಿಟ್ಟದ್ದು ಸಾಮಾನ್ಯ ತೆರಿಗೆಯ ಬಾಬನ್ನು ಮಾತ್ರ; ಉಳಿದ ಬಾಬುಗಳು ಬಿಲ್ಲಿನಲ್ಲಿ ಮುಂದುವರಿದು ಜನ ಗೊಂದಲಕ್ಕೆ ಬಿದ್ದರು. ಪೂರ್ತಿ ಮಾಫಿ ಪ್ರಕಟವಾದದ್ದು 2022ರ ಜನವರಿ 1ರಂದು, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರಿಂದ. ಅದೇ ತಿಂಗಳು ಸಂಪುಟವೂ ಒಪ್ಪಿತು. ಹದಿನಾರು ಲಕ್ಷದಷ್ಟು ಕುಟುಂಬಗಳಿಗೆ ಇದರ ಲಾಭವೆಂದು ಆಗ ಹೇಳಲಾಯಿತು. ಚಾರ್ಕೋಪ್, ಗೊರಾಯಿಯ ಪುಟ್ಟ ಮನೆಗಳು, ವಿಕ್ರೋಲಿಯ ಕನ್ನಮ್ವಾರ್ ನಗರದ ಮ್ಹಾಡಾ ಬ್ಲಾಕುಗಳು ಯಾವ ವಾದವೂ ಇಲ್ಲದೆ ಇದರೊಳಗೆ ಬರುತ್ತವೆ. ತೊಂದರೆ ಇರುವುದು ಗೆರೆಯ ಆಸುಪಾಸಿನವರಿಗೆ, ದಾಖಲೆಯಲ್ಲಿ 47, 50, 55 ಮೀಟರ್ ಇರುವವರಿಗೆ. ಅಳತೆಯ ಟೇಪು ಹಿಡಿಯಬೇಕಾದದ್ದು ಅವರ ಮನೆಗಳಲ್ಲಿ.

ಇನ್ನು ಕೋರ್ಟಿನ ಮಾತು. ಬಂಡವಾಳ ಮೌಲ್ಯದ ನಿಯಮಗಳನ್ನೇ ಪ್ರಾಪರ್ಟಿ ಓನರ್ಸ್ ಅಸೋಸಿಯೇಷನ್ ಮತ್ತಿತರರು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2014ರ ಫೆಬ್ರವರಿಯ ಮಧ್ಯಂತರ ಆದೇಶದಲ್ಲಿ ಹೈಕೋರ್ಟು, ಹಳೆಯ ದರದ ತೆರಿಗೆಯನ್ನೂ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಅರ್ಧವನ್ನೂ ಕಟ್ಟಿದರೆ ಸಾಕು ಎಂದಿತು. 2019ರ ಏಪ್ರಿಲ್‌ನಲ್ಲಿ 2010 ಮತ್ತು 2015ರ ನಿಯಮಾವಳಿಗಳ 20, 21, 22ನೆಯ ನಿಯಮಗಳು ಮೂಲ ಕಾಯ್ದೆಯನ್ನು ಮೀರಿವೆ ಎಂದು ರದ್ದುಮಾಡಿತು. ಪಾಲಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರ್ 7ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರ ಪೀಠ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ತೀರ್ಪಿನ ತಿರುಳು ಸರಳವಾಗಿದೆ. ಖಾಲಿ ಜಾಗದಲ್ಲೋ ಕಟ್ಟುತ್ತಿರುವ ಜಾಗದಲ್ಲೋ ನಾಳೆ ಎಷ್ಟು ಮಹಡಿ ಏಳಬಹುದು ಎಂಬ ಲೆಕ್ಕದ ಮೇಲೆ ಇಂದು ತೆರಿಗೆ ಹಾಕಬಾರದು. ಇಂದು ನೆಲದ ಮೇಲೆ ಏನಿದೆಯೋ ಅದರ ಮೇಲೆ ಮಾತ್ರ ಹಾಕಬೇಕು.

ಇದು ಬಿಲ್ಡರುಗಳ, ಜಮೀನಿನವರ ಗೆಲುವು, ನಮಗೇನು ಎಂದು ಬಹಳ ಮಂದಿ ತಳ್ಳಿಹಾಕಿದರು. ನಾನು ಒಪ್ಪುವುದಿಲ್ಲ. ಈಗ ನಮ್ಮವರ ಹಳೆಯ ಕಟ್ಟಡಗಳು ಸಾಲುಸಾಲಾಗಿ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ಹಳೆಯದು ಕೆಡವಿ ಹೊಸದು ಏಳುವವರೆಗೆ ಆ ನಿವೇಶನದ ಮೇಲೆ ಬರುವ ತೆರಿಗೆಯ ಪ್ರಶ್ನೆ ಇದೇ ತೀರ್ಪಿಗೆ ಸೇರಿದ್ದು. ಬಿಲ್ಡರ್ ಕಟ್ಟುತ್ತಾನೆ ಎಂದು ಡೆವಲಪ್‌ಮೆಂಟ್ ಅಗ್ರಿಮೆಂಟಿನಲ್ಲಿ ಬರೆದಿದ್ದರೂ ಆತ ಕೈಯೆತ್ತಿದ ದಿನ ಬಾಕಿ ಬಂದು ಕೂರುವುದು ಸೊಸೈಟಿಯ ತಲೆಯ ಮೇಲೆ.

ಪಾಲಿಕೆಗೂ ಅದರ ಕಷ್ಟವಿದೆ, ಅದನ್ನು ಮರೆತು ಬರೆಯುವುದು ನ್ಯಾಯವಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋಯಿತು. ಆಮೇಲೆ ಪಾಲಿಕೆಯ ಸ್ವಂತ ಆದಾಯದಲ್ಲಿ ಆಸ್ತಿ ತೆರಿಗೆಯೇ ದೊಡ್ಡ ಆಸರೆ. 2024-25ರಲ್ಲಿ ಅದರಿಂದ ಆರು ಸಾವಿರ ಕೋಟಿ ರೂಪಾಯಿಗೂ ಮೇಲೆ ಬಂತು. ಐದು ವರ್ಷಕ್ಕೊಮ್ಮೆ ಆಗಬೇಕಿದ್ದ ಮೌಲ್ಯ ಪರಿಷ್ಕರಣೆ 2020ರಲ್ಲಿ ಕೋವಿಡ್‌ನಿಂದ ನಿಂತಿತು. 2022ರ ಮಾರ್ಚ್‌ನಿಂದ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ಪಾಲಿಕೆ ನಡೆಯಿತು. ಆ ಅವಧಿಯಲ್ಲೇ, 2023ರ ಡಿಸೆಂಬರ್ ಕೊನೆಯಲ್ಲಿ, ಏರಿಸಿದ ಮೊತ್ತದ ಬಿಲ್ಲುಗಳು ದಿಢೀರನೆ ಬಂದವು. ಊರೆಲ್ಲ ಗದ್ದಲವಾದ ಮೇಲೆ ಹಿಂದೆ ಹೋದವು, ಹಳೆಯ ದರದ ಬಿಲ್ಲುಗಳು ತಿರುಗಿ ಬಂದವು. ಆಗ ಮೊದಲ ಬಿಲ್ಲನ್ನೇ ಶಿಸ್ತಾಗಿ ಕಟ್ಟಿಬಿಟ್ಟ ಸೊಸೈಟಿಗಳು ಹೆಚ್ಚುವರಿ ಮೊತ್ತ ಜಮಾ ಆಯಿತೇ ಎಂದು ಇಂದಿಗೂ ತಮ್ಮ ಲೆಡ್ಜರು ತೆಗೆದು ನೋಡಬೇಕು. ನಾವು ಕೊಡುವ ಶಿಕ್ಷಣ ಸೆಸ್ಸಿನಿಂದಲೇ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳು ನಡೆದವು. ನಮ್ಮಲ್ಲಿ ಎಷ್ಟೋ ಮಂದಿ ಅಲ್ಲೇ ಕಲಿತವರು. ತೆರಿಗೆ ತಪ್ಪಿಸಿ ಎಂದು ನಾನು ಯಾರಿಗೂ ಹೇಳಲಾರೆ. ಕಾನೂನು ಎಷ್ಟು ಕೇಳುತ್ತದೋ ಅಷ್ಟನ್ನು ಕೊಡೋಣ.

ತಕರಾರಿನ ದಾರಿ ಹೀಗಿದೆ. ಮನೆ ಹೊಸದಾಗಿ ದಾಖಲಾದಾಗ ಇಲ್ಲವೇ ಮೌಲ್ಯ ಏರಿಸಿದಾಗ ಪಾಲಿಕೆ ವಿಶೇಷ ನೋಟಿಸು ಕೊಡಬೇಕು. ನೋಟಿಸಿನಲ್ಲೇ ಗಡುವು ಇರುತ್ತದೆ. ಅದು ಎರಡು ಮೂರು ವಾರದ ಮಾತು, ಮುಂದಿನ ಕಮಿಟಿ ಮೀಟಿಂಗಿನಲ್ಲಿ ನೋಡೋಣ ಎಂದರೆ ಕಳೆದೇ ಹೋಗುತ್ತದೆ. ತಕರಾರು ಬರಹದಲ್ಲಿರಬೇಕು, ಕಾರಣ ಸ್ಪಷ್ಟವಾಗಿರಬೇಕು. 'ತೆರಿಗೆ ವಿಪರೀತವಾಗಿದೆ' ಎಂದು ಬರೆದರೆ ಪ್ರಯೋಜನವಿಲ್ಲ. 'ಇಂಥ ಮನೆಯ ಕಾರ್ಪೆಟ್ ಇಷ್ಟು ಎಂದು ದಾಖಲಾಗಿದೆ, ನಿಜವಾಗಿ ಇಷ್ಟು, ಮಂಜೂರಾದ ನಕ್ಷೆ ಲಗತ್ತಿಸಿದೆ' ಎಂದು ಬರೆಯಿರಿ. ಆಮೇಲೆ ವಿಚಾರಣೆಗೆ ಕರೆಯುತ್ತಾರೆ. ನೋಟಿಸು ಬಾರದಿದ್ದರೂ, ಅಸೆಸ್‌ಮೆಂಟ್ ಪುಸ್ತಕವನ್ನು ವರ್ಷದ ನಡುವೆ ತಿದ್ದುವ ಅಧಿಕಾರವನ್ನು ಕಾಯ್ದೆಯ 167ನೆಯ ಕಲಮು ಆಯುಕ್ತರಿಗೆ ಕೊಟ್ಟಿದೆ. ಹಾಗಾಗಿ ಅರ್ಜಿ ಮಾರ್ಚ್ 31ರ ಮೊದಲೇ ಒಳಗೆ ಹೋಗಿರಲಿ, ನಕಲಿನ ಮೇಲೆ ವಾರ್ಡ್ ಆಫೀಸಿನ ಆವಕ ಮುದ್ರೆ ಬಿದ್ದಿರಲಿ. ವಿಚಾರಣೆಯ ಆದೇಶ ಒಪ್ಪಿಗೆಯಾಗದಿದ್ದರೆ 217ನೆಯ ಕಲಮಿನಡಿ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿಗೆ ಮೇಲ್ಮನವಿ. ಅದಕ್ಕೂ ಗಡುವು ದಿನಗಳದ್ದೇ, ತೆರಿಗೆ ಠೇವಣಿ ಇಡಬೇಕಾಗುತ್ತದೆ. ಅಲ್ಲಿಗೆ ಹೋಗುವಾಗ ವಕೀಲರ ಸಹಾಯ ಬೇಕು.

ತಕರಾರು ಹಾಕಿದ್ದೇವೆ ಎಂದು ಕಟ್ಟುವುದನ್ನು ನಿಲ್ಲಿಸಬೇಡಿ. ಬಾಕಿಯ ಮೇಲೆ ತಿಂಗಳಿಗೆ ನೂರಕ್ಕೆ ಎರಡರಂತೆ ದಂಡದ ಬಡ್ಡಿ ಬೀಳುತ್ತದೆ, ಅದು ಯಾವ ಸಾಲಕ್ಕಿಂತಲೂ ದುಬಾರಿ. ಕಟ್ಟಿ, ಕಟ್ಟುವಾಗ 'ಅಂಡರ್ ಪ್ರೊಟೆಸ್ಟ್' ಎಂದು ಪತ್ರ ಕೊಟ್ಟು ಕಟ್ಟಿ. ತಪ್ಪು ತಿಳಿವಳಿಕೆಯಿಂದ ಕೊಟ್ಟ ಹಣವನ್ನು ಪಡೆದವರು ಹಿಂದಿರುಗಿಸಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 72ನೆಯ ಕಲಮು. ಅದು ತೆರಿಗೆಗೂ ಅನ್ವಯ ಎಂದು ಕನ್ಹಯ್ಯಾಲಾಲ್ ಸರಾಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1958ರಲ್ಲೇ ಹೇಳಿದೆ. ಆದರೆ ಕಾಲಮಿತಿಯ ಕಾಯ್ದೆಯೂ ಇದೆ. ತಪ್ಪು ಗೊತ್ತಾದ ಮೇಲೆ ವರ್ಷಗಟ್ಟಲೆ ಕೂತವರ ಪರವಾಗಿ ಯಾವ ಕೋರ್ಟೂ ನಿಲ್ಲುವುದು ಕಷ್ಟ.

ಪುರಾವೆಗೆ ಇರುವ ಒಳ್ಳೆಯ ಕಾಗದ ಇನ್‌ಸ್ಪೆಕ್ಷನ್ ಎಕ್ಸ್‌ಟ್ರಾಕ್ಟ್. ಯಾವ ವರ್ಷ ಯಾವ ಮನೆಯಲ್ಲಿ ಯಾರಿದ್ದರು, ಎಷ್ಟು ಜಾಗ, ಏನು ಉಪಯೋಗ ಎಂದು ಪಾಲಿಕೆಯ ಪುಸ್ತಕವೇ ಹೇಳುವ ದಾಖಲೆ ಅದು. ಪಗಡಿ ಕಟ್ಟಡಗಳಲ್ಲಿರುವ ನಮ್ಮವರಿಗೆ ಇದರ ಬೆಲೆ ಗೊತ್ತು, ರೀಡೆವಲಪ್‌ಮೆಂಟಿನಲ್ಲಿ ತಮ್ಮ ಹಕ್ಕು ಸಾಬೀತುಪಡಿಸಲು ಇದನ್ನೇ ಹುಡುಕುತ್ತಾರೆ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ.

ಒಂದು ಎಚ್ಚರಿಕೆ. ಅರ್ಜಿ ಹಾಕಿದರೆ ಅಳತೆಗೆ ಜನ ಬರುತ್ತಾರೆ, ಬಂದವರು ಎಲ್ಲವನ್ನೂ ನೋಡುತ್ತಾರೆ. ಬಾಲ್ಕನಿ ಮುಚ್ಚಿ ಕೋಣೆ ಮಾಡಿಕೊಂಡವರು, ಫ್ಲವರ್‌ಬೆಡ್ ಒಳಗೆ ಸೇರಿಸಿಕೊಂಡವರು ಇದನ್ನು ಯೋಚಿಸಿಯೇ ಮುಂದುವರಿಯಲಿ. ಜಾಗ ನಿಜವಾಗಿಯೂ ಹೆಚ್ಚಿದ್ದರೆ ಹೆಚ್ಚು ಕಟ್ಟುವುದೇ ಸರಿ. ಬೆಂಗಳೂರಿನಲ್ಲಿ ಏನಾಯಿತು ನೋಡಿ. ಅಲ್ಲಿ 'ಎ'ಯಿಂದ 'ಎಫ್'ವರೆಗೆ ವಲಯಗಳಿವೆ, ಮಾಲೀಕರೇ ತಮ್ಮ ವಲಯ ಬರೆದು ತೆರಿಗೆ ಕಟ್ಟುತ್ತಾರೆ. 2016ರಲ್ಲಿ ವಲಯಗಳು ಬದಲಾದಾಗ ಸಾವಿರಾರು ಮಂದಿ ಹಳೆಯ ವಲಯದಲ್ಲೇ ಕಟ್ಟುತ್ತಾ ಹೋದರು, ಪಾಲಿಕೆಯೂ ತೆಗೆದುಕೊಳ್ಳುತ್ತಾ ಹೋಯಿತು. ವರ್ಷಗಳ ಮೇಲೆ ವ್ಯತ್ಯಾಸ, ದಂಡ, ಬಡ್ಡಿ ಎಲ್ಲ ಕೂಡಿ ನೋಟಿಸು ಬಂದಾಗ ಕಂಗಾಲಾದರು. ಕಡಿಮೆ ಕಟ್ಟಿದ ತಪ್ಪೂ ಹೀಗೆ ಹಿಂದಿನಿಂದ ಬಂದು ಹಿಡಿಯುತ್ತದೆ.

ಡೊಂಬಿವಲಿ, ಮೀರಾ ರೋಡ್, ಠಾಣೆ, ನವಿ ಮುಂಬಯಿಯ ಬಂಧುಗಳು ಈ ಪತ್ರವನ್ನು ಹಾಗೇ ಅನ್ವಯಿಸಿಕೊಳ್ಳಬೇಡಿ. ನಿಮ್ಮ ಪಾಲಿಕೆಗಳು ನಡೆಯುವುದು 1949ರ ಬೇರೆ ಕಾಯ್ದೆಯಡಿ, ಮುಂಬಯಿಯ ಮಾಫಿ ತಾನಾಗಿ ನಿಮಗೆ ಬರುವುದಿಲ್ಲ. ನಿಮ್ಮ ಬಿಲ್ಲಿನ ತಳಹದಿಯೇ ಬೇರೆ.

ಈಗ ಕಮಿಟಿಯವರಾದ ನಿಮ್ಮ ಪಾಲಿನ ಮಾತು. ಸೊಸೈಟಿಯ ಮಾದರಿ ಬೈಲಾದ 67ನೆಯ ಕಲಮು ಖರ್ಚು ಹಂಚುವ ಬಗೆ ಹೇಳುತ್ತದೆ. ಸರ್ವಿಸ್ ಚಾರ್ಜ್ ಎಲ್ಲರಿಗೂ ಸಮಾನ, ನೀರಿಗೆ ನಳಗಳ ಲೆಕ್ಕ, ಆಸ್ತಿ ತೆರಿಗೆಗೆ ಮಾತ್ರ ಸ್ಥಳೀಯ ಸಂಸ್ಥೆ ಆಯಾ ಮನೆಗೆ ಗೊತ್ತುಮಾಡಿದ ಮೊತ್ತ. ಅನುಕೂಲಕ್ಕೆಂದು ಒಟ್ಟು ಬಿಲ್ಲನ್ನು ಮನೆಗಳ ಸಂಖ್ಯೆಯಿಂದ ಭಾಗಿಸುವ ಅಭ್ಯಾಸ ಹಲವು ಸೊಸೈಟಿಗಳಲ್ಲಿ ಬೇರೂರಿದೆ. ಹಾಗೆ ಭಾಗಿಸಿದ ದಿನ, ಪಾಲಿಕೆ ಸೊನ್ನೆ ಎಂದು ಬರೆದ 450 ಅಡಿಯ ಮನೆಯವರು 900 ಅಡಿಯ ಮನೆಯವರ ತೆರಿಗೆಯಲ್ಲಿ ಪಾಲು ಕೊಡುತ್ತಾರೆ. ನೆಲಮಹಡಿಯ ಅಂಗಡಿಯವರ ವಾಣಿಜ್ಯ ದರದ ಹೊರೆಯೂ ಮೇಲಿನ ಸಂಸಾರಗಳಿಗೆ ಹಂಚಿಹೋಗುತ್ತದೆ. ಸರ್ಕಾರ ಕೊಟ್ಟ ರಿಯಾಯಿತಿ ಅವರ ಮನೆ ಬಾಗಿಲಿಗೆ ಬಾರದೆ ಸೊಸೈಟಿಯ ಆಫೀಸಿನಲ್ಲೇ ಉಳಿಯುತ್ತದೆ.

ಆದ್ದರಿಂದ ಈ ವರ್ಷದ ಎಜಿಎಂ ಅಜೆಂಡಾದಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿ. 2022ರ ಜನವರಿಯಿಂದ ಈಚಿನ ಎಲ್ಲ ಬಿಲ್ಲುಗಳ ಮನೆವಾರು ಪಟ್ಟಿಯನ್ನು ಮೆಂಟೆನೆನ್ಸ್ ಲೆಡ್ಜರಿನ ಪಕ್ಕದಲ್ಲಿಟ್ಟು ತಾಳೆ ನೋಡಿ. ಪಾಲಿಕೆ ಒಂದು ಮನೆಗೆ ಹಾಕಿದ್ದಕ್ಕಿಂತ ಹೆಚ್ಚನ್ನು ಸೊಸೈಟಿ ವಸೂಲು ಮಾಡಿದ್ದರೆ ಅದನ್ನು ಆ ಸದಸ್ಯರ ಖಾತೆಗೆ ಹೆಸರು ಹಿಡಿದು ಜಮಾ ಮಾಡಿ, ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಕಾಣಿಸಿ. ನಡುವೆ ಮನೆ ಮಾರಿ ಊರಿಗೆ ಹೋದವರಿದ್ದರೆ ಅವರಿಗೊಂದು ಪತ್ರ ಹಾಕಿ, ಅವರು ಕಟ್ಟಿದ ಅವಧಿಯ ಹಣ ಅವರದೇ. ಗಂಡನ ಹೆಸರಿನಲ್ಲೇ ಶೇರ್ ಸರ್ಟಿಫಿಕೇಟ್ ಉಳಿದಿರುವ ವಿಧವೆಯರ ವರ್ಗಾವಣೆಯನ್ನು ಇದರ ಜೊತೆಯಲ್ಲೇ ಮುಗಿಸಿಕೊಡಿ. ಹೆಸರು ಬದಲಾಗದೆ ಅವರ ಅರ್ಜಿ ವಾರ್ಡ್ ಆಫೀಸಿನ ಕಿಟಕಿಯಿಂದ ಮೊದಲ ದಿನವೇ ಹಿಂದಿರುಗುತ್ತದೆ, ಆ ಕಿಟಕಿಗೆ ಎರಡನೆಯ ಸಲ ಹೋಗುವ ಶಕ್ತಿ ಅವರಲ್ಲಿ ಬಹಳ ಮಂದಿಗೆ ಇಲ್ಲ.

ಇಂತಿ ನಿಮ್ಮವ,
ಉಪನಗರದ ಒಬ್ಬ ಸೊಸೈಟಿ ಸದಸ್ಯ